ಮಳೆಗಾಲ, ಮೊಬೈಲು ಮತ್ತು ಐಪಿ68: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೃಗಶಿರ ಮಳೆ ಹಿಡಿಯಿತು ಎಂದರೆ ತೀರ್ಥಹಳ್ಳಿಯ ನಮ್ಮ ರಿಪೇರಿ ಅಂಗಡಿಗೆ ಒದ್ದೆ ಫೋನುಗಳು ಬರಲು ಶುರು. ದೀಪಾವಳಿ ಹತ್ತಿರವಾಗುವವರೆಗೂ ನಿಲ್ಲುವುದಿಲ್ಲ. ಕೌಂಟರಿನಲ್ಲಿ, ಫೋನಿನಲ್ಲಿ, ವಾಟ್ಸಾಪಿನಲ್ಲಿ ಜನ ಕೇಳುವುದನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಸುಲಭದ್ದು ಮೊದಲು, ಒಳಗಿನ ವಿಷಯ ಆಮೇಲೆ. ನಿಮ್ಮ ಫೋನ್ ಈಗಷ್ಟೇ ನೀರಿಗೆ ಬಿದ್ದಿದ್ದರೆ ನೇರ ಮೂರನೇ ಭಾಗಕ್ಕೆ ಹೋಗಿ.

## ಮೊದಲು ತಿಳಿದಿರಬೇಕಾದ್ದು

ವಾಟರ್‌ಪ್ರೂಫ್ ಅಂದ್ರೂ ವಾಟರ್ ರೆಸಿಸ್ಟೆಂಟ್ ಅಂದ್ರೂ ಒಂದೇ ಅಲ್ವಾ ಅಣ್ಣಾ?

ಅಲ್ಲ. ವಾಟರ್‌ಪ್ರೂಫ್ ಎಂದರೆ ಎಷ್ಟು ಹೊತ್ತು, ಎಷ್ಟು ಆಳ, ಎಂಥ ನೀರು ಎಂಬ ಲೆಕ್ಕವೇ ಇಲ್ಲದೆ ಒಳಗೆ ಹನಿ ಹೋಗಬಾರದು. ನಾವು ಕೊಳ್ಳುವ ಫೋನುಗಳಲ್ಲಿ ಅಂಥದ್ದು ಇಲ್ಲ. ಇರುವುದೆಲ್ಲ ವಾಟರ್ ರೆಸಿಸ್ಟೆಂಟ್. ಇಷ್ಟು ಆಳದಲ್ಲಿ, ಇಷ್ಟು ಹೊತ್ತು, ಸಿಹಿನೀರಿನಲ್ಲಿ, ಹೊಸದಾಗಿದ್ದಾಗ ತಡೆದುಕೊಂಡಿತು ಎಂದು ಪರೀಕ್ಷೆ ಮಾಡಿ ನೋಡಿದ ಫೋನು. ಈ ನಾಲ್ಕು ಷರತ್ತಿನಲ್ಲಿ ಒಂದು ತಪ್ಪಿದರೂ ಭರವಸೆ ಅಲ್ಲಿಗೇ ಮುಗಿಯಿತು. ಹಾಗಾಗಿ ಈ ರಕ್ಷಣೆ ಇರುವುದು ಆಕಸ್ಮಿಕಕ್ಕೆ. ಕೈಜಾರಿ ಬಾವಿಕಟ್ಟೆಯ ಬಕೆಟ್ಟಿಗೆ ಬಿದ್ದರೆ ಉಳಿಯಲಿ ಅಂತ ಇಟ್ಟಿದ್ದು. ಬೇಕಂತಲೇ ನೀರಿಗಿಳಿಸುವುದಕ್ಕೆ ಅಲ್ಲ.

ಬಾಕ್ಸ್ ಮೇಲೆ ಐಪಿ68 ಅಂತಿದೆ. ಇದನ್ನ ಓದೋದು ಹೇಗೆ?

ಐಪಿ ಎಂದರೆ ಧೂಳು, ನೀರು ಒಳಗೆ ಹೋಗದಂತೆ ಫೋನು ಎಷ್ಟು ತಡೆಯುತ್ತದೆ ಎಂದು ತೋರಿಸುವ ಗುರುತು. ಅದರ ಎರಡು ಅಂಕಿಗಳನ್ನು ಬೇರೆ ಬೇರೆಯಾಗಿ ಓದಬೇಕು. ಅರವತ್ತೆಂಟು ಅಲ್ಲ, ಆರು ಮತ್ತು ಎಂಟು. ಮೊದಲನೆಯದು ಧೂಳಿಗೆ, 6 ಅದರಲ್ಲಿ ಎಲ್ಲಕ್ಕಿಂತ ಮೇಲಿನ ಮಟ್ಟ. ಎರಡನೆಯದು ನೀರಿಗೆ. ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡ ಈ ಪರೀಕ್ಷೆಗಳನ್ನು ಗೊತ್ತುಮಾಡಿದೆ.

ನೀರಿನ ಅಂಕಿ 4 ಆದರೆ ಎಲ್ಲ ಕಡೆಯಿಂದ ಎರಚುವ ನೀರು. 5 ಮತ್ತು 6 ಆದರೆ ಪೈಪಿನಿಂದ ಚಿಮ್ಮುವ ನೀರು. 5ಕ್ಕೆ ನಿಮಿಷಕ್ಕೆ 12.5 ಲೀಟರ್, 6ಕ್ಕೆ 100 ಲೀಟರ್. 7 ಆದರೆ 1 ಮೀಟರ್ ಆಳದಲ್ಲಿ 30 ನಿಮಿಷ. 8 ಆದರೆ ಅದಕ್ಕಿಂತ ಕಠಿಣ, ಆದರೆ ಎಷ್ಟು ಕಠಿಣ ಎಂದು ಹೇಳುವವರು ಕಂಪನಿಯವರೇ. ಅದಕ್ಕೇ ಎರಡು ಐಪಿ68 ಫೋನುಗಳು ಸಮ ಇರಬೇಕೆಂದಿಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್7 (2016) ಐಪಿ68 ಎಂದರೆ 1.5 ಮೀಟರಿನಲ್ಲಿ 30 ನಿಮಿಷ. ಐಫೋನ್ 12 (2020) ಐಪಿ68 ಎಂದರೆ 6 ಮೀಟರಿನಲ್ಲಿ 30 ನಿಮಿಷ. ಬಾಕ್ಸಿನ ಅಂಕಿ ನೋಡಿ ಸುಮ್ಮನಾಗಬೇಡಿ, ಸಣ್ಣಕ್ಷರದಲ್ಲಿ ಆಳ ಮತ್ತು ಹೊತ್ತು ಎಷ್ಟೆಂದು ಹುಡುಕಿ ಓದಿ.

ನನ್ನ ಫೋನಿಗೆ ಯಾವ ಐಪಿಯೂ ಬರೆದಿಲ್ಲ. ಮಳೇಲಿ ತೆಗೆಯೋ ಹಾಗೇ ಇಲ್ವಾ?

ಪರೀಕ್ಷೆ ಮಾಡಿಸಿಲ್ಲ ಎಂದಷ್ಟೇ ಅದರ ಅರ್ಥ. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲೂ ಸಿಮ್ ಟ್ರೇಗೆ ರಬ್ಬರ್ ರಿಂಗ್ ಇರುತ್ತದೆ, ಒಳಗೆ ನೀರು ಜಾರುವ ಕೋಟಿಂಗ್ ಇರುತ್ತದೆ. ನಾಲ್ಕು ಹನಿ ಬಿದ್ದರೆ ಏನೂ ಆಗುವುದಿಲ್ಲ. ಆದರೆ ನೀರು ಹೋದರೆ ಕೇಳುವವರಿಲ್ಲ ಎಂದುಕೊಂಡೇ ಬಳಸಿ.

ನಮ್ಮನೇಲಿ ನೆಟ್‌ವರ್ಕ್ ಸಿಗೋದು ಹಿಂದಿನ ಗುಡ್ಡದ ಮೇಲೆ. ಮಳೇಲಿ ನಿಂತೇ ಮಾತಾಡ್ಬೇಕು. ಐಪಿ54 ಸಾಕಾ?

ಈ ಪ್ರಶ್ನೆ ಹೊಸನಗರ, ಆಗುಂಬೆ ಕಡೆಯವರದ್ದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಐಪಿ54ರ ನೀರಿನ ಪರೀಕ್ಷೆ ಕೆಲವೇ ನಿಮಿಷ ನೀರು ಎರಚಿ ಮುಗಿಯುವಂಥದ್ದು. ಕೊಡೆ ಹಿಡಿದು ಐದು ನಿಮಿಷ ಮಾತಾಡಿ, ಒರೆಸಿ ಒಳಗೆ ಬರುವುದಾದರೆ ಸಾಕು. ದಿನಾ ಜಡಿಮಳೆಯಲ್ಲಿ ನಿಲ್ಲಬೇಕಾದರೆ ಸಾಲದು.

ಇದಕ್ಕಿಂತ ಒಳ್ಳೆಯ ಉಪಾಯ ಎಂದರೆ ಬ್ಲೂಟೂತ್ ಇಯರ್‌ಫೋನ್. ಫೋನು ರೇನ್‌ಕೋಟಿನ ಒಳಜೇಬಿನಲ್ಲಿರಲಿ, ಮಾತು ಕಿವಿಯಲ್ಲಿ ನಡೆಯಲಿ. ಮನೆಯಲ್ಲಿ ವೈಫೈ ಇದ್ದರೆ ಸೆಟ್ಟಿಂಗ್ಸಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಸುಮಾರು ಜನರಿಗೆ ಆ ಸೌಲಭ್ಯ ಇರುವುದೇ ಗೊತ್ತಿಲ್ಲ. ಗುಡ್ಡ ಹತ್ತುವ ಕೆಲಸವೇ ತಪ್ಪುತ್ತದೆ.

ಮಳೆ ಹನಿ ಬಿದ್ರೆ ಸ್ಕ್ರೀನ್ ತಾನೇ ಒತ್ತಿಕೊಳ್ಳುತ್ತೆ. ನೀರು ಒಳಗೆ ಹೋಗಿದ್ಯಾ?

ಇಲ್ಲ. ಟಚ್ ಸ್ಕ್ರೀನ್ ಬೆರಳನ್ನು ಗುರುತಿಸುವುದು ಬೆರಳಿನಿಂದ ಆಗುವ ವಿದ್ಯುತ್ ವ್ಯತ್ಯಾಸದಿಂದ. ನೀರಿನ ಹನಿಯೂ ಅದೇ ವ್ಯತ್ಯಾಸ ಮಾಡುತ್ತದೆ. ಒರೆಸಿದರೆ ಸರಿಯಾಗುತ್ತದೆ. ಒರೆಸಿ ಒಣಗಿದ ಮೇಲೂ ತಾನೇ ಒತ್ತಿಕೊಂಡರೆ ಮಾತ್ರ ತೋರಿಸಲು ತನ್ನಿ.

## ತೋಟ, ಹೊಳೆ, ಬಚ್ಚಲು

ಐಪಿ68 ಇದೆ. ಹೊಳೇಲಿ ಈಜುವಾಗ ವಿಡಿಯೋ ತೆಗೀಬಹುದಾ?

ಬೇಡ. ಪರೀಕ್ಷೆಯಲ್ಲಿ ಫೋನು ನಿಂತ ನೀರಿನಲ್ಲಿ ಅಲುಗಾಡದೆ ಮಲಗಿರುತ್ತದೆ. 1 ಮೀಟರ್ ಆಳದಲ್ಲಿ ನೀರು ಹಾಕುವ ಹೆಚ್ಚಿನ ಒತ್ತಡ ವಾತಾವರಣದ ಒತ್ತಡದ ಸುಮಾರು ಹತ್ತನೇ ಒಂದು ಭಾಗ. ಕೈಯಲ್ಲಿ ಹಿಡಿದು ನೀರಿಗೆ ಧುಮುಕಿದಾಗ, ಕೈ ಬೀಸಿದಾಗ ಅದಕ್ಕಿಂತ ಜಾಸ್ತಿ ಒತ್ತಡ ಒಂದೇ ಏಟಿಗೆ ಅಂಚಿನ ಮೇಲೆ ಬೀಳುತ್ತದೆ. ಜೊತೆಗೆ ನಮ್ಮ ತುಂಗೆ, ಶರಾವತಿ ನೀರಿನಲ್ಲಿ ಮಣ್ಣು, ನುಣ್ಣನೆ ಮರಳು ಇರುತ್ತದೆ. ಅದು ಸ್ಪೀಕರಿನ ಜಾಲರಿಯಲ್ಲಿ ಕೂತರೆ ಒಣಗಿದ ಮೇಲೂ ಹೋಗುವುದಿಲ್ಲ.

ಜೋಗದಲ್ಲಿ ಮಳೆಗಾಲದಲ್ಲಿ ಏಳುವ ತುಂತುರಿಗೆ ಐಪಿ67, ಐಪಿ68 ಫೋನು ಹೆದರಬೇಕಿಲ್ಲ. ಫೋಟೋ ತೆಗೆದು ಒರೆಸಿ ಜೇಬಿಗೆ ಹಾಕಿ.

ಔಷಧಿ ಹೊಡೆಯೋವಾಗ ಜೇಬಲ್ಲೇ ಇತ್ತು. ಬೋರ್ಡೋ ಬಿದ್ರೂ ಏನಾಗಲ್ಲ ಅಲ್ವಾ, ಐಪಿ68 ಅಲ್ವಾ?

ಅಡಿಕೆ ತೋಟದವರಿಗೆಲ್ಲ ಇದನ್ನು ಒತ್ತಿ ಹೇಳಬೇಕು. ಕೊಳೆ ರೋಗಕ್ಕೆ ಹೊಡೆಯುವ ಶೇಕಡ 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಐಪಿ ಪರೀಕ್ಷೆ ನಡೆಯುವುದು ಬರೀ ಸಿಹಿನೀರಿನಲ್ಲಿ. ತಾಮ್ರದ ಲವಣ ಇರುವ ದ್ರಾವಣಕ್ಕೆ ಆ ಅಂಕಿ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಬರುವ ಫೋನುಗಳನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ. ಚಾರ್ಜಿಂಗ್ ತೂತಿನ ಬಾಯಲ್ಲಿ ತಿಳಿನೀಲಿ ಪುಡಿ ಕೂತಿರುತ್ತದೆ. ಸ್ಪೀಕರಿನ ಸಣ್ಣ ಜಾಲರಿಯಲ್ಲಿ ಸುಣ್ಣ ಒಣಗಿ ಗಾರೆ ಹಾಕಿದಷ್ಟು ಗಟ್ಟಿಯಾಗಿರುತ್ತದೆ. ಸೂಜಿಯಲ್ಲಿ ಕೆದಕಿದರೆ ಒಳಗಿನ ಪೊರೆ ಹರಿದುಹೋಗುತ್ತದೆ, ಕೆದಕದಿದ್ದರೆ ಶಬ್ದ ಬರುವುದಿಲ್ಲ. ಪೋರ್ಟಿನ ಪಿನ್ನುಗಳ ಮೇಲೆ ಕಿಲುಬು ಹಿಡಿದಿರುತ್ತದೆ.

ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೆ, ಕೆಳಗೆ ಪಂಪ್ ನೋಡಿಕೊಳ್ಳುವವರಿಗೆ ನನ್ನ ಮಾತು ಇಷ್ಟೆ: ಫೋನನ್ನು ಜಗಲಿಯಲ್ಲೋ ಪಂಪ್‌ಸೆಟ್ ಮನೆಯಲ್ಲೋ ಇಟ್ಟು ತೋಟಕ್ಕೆ ಇಳಿಯಿರಿ. ಒಯ್ಯಲೇಬೇಕೆಂದರೆ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಗಿಯ ಒಳಗೆ ಇಟ್ಟುಕೊಳ್ಳಿ. ಸಿಡಿದರೆ ಒಣಗಲು ಬಿಡಬೇಡಿ. ಐಪಿ67 ಅಥವಾ 68 ಇರುವ, ಒಡಕಿಲ್ಲದ ಫೋನಾದರೆ ಆಫ್ ಮಾಡಿ ನಲ್ಲಿಯ ಸಣ್ಣ ಧಾರೆಯಲ್ಲಿ ಕೂಡಲೇ ತೊಳೆಯಿರಿ. ಐಪಿ ಇಲ್ಲದ ಫೋನಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಒರೆಸಿ.

ಮರವಂತೆ ಬೀಚಲ್ಲಿ ಅಲೆ ಬಡೀತು. ಫೋನ್ ಚೆನ್ನಾಗೇ ಇದೆ. ಸುಮ್ನೆ ಬಿಡ್ಲಾ?

ಬಿಡಬೇಡಿ. ಉಪ್ಪುನೀರು ಒಣಗಿದರೆ ಉಪ್ಪು ಅಲ್ಲೇ ಉಳಿಯುತ್ತದೆ. ಊರಿಗೆ ಬಂದ ಮೇಲೆ ನಮ್ಮ ಹವೆಯ ತೇವ ಹೀರಿಕೊಂಡು ಮತ್ತೆ ನೀರಾಗುತ್ತದೆ, ಪಿನ್ನುಗಳನ್ನು ತಿನ್ನುತ್ತಲೇ ಇರುತ್ತದೆ. ಐಪಿ67, 68 ಫೋನಾದರೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಈಜುಕೊಳದ ಕ್ಲೋರಿನ್ ನೀರು, ಸೋಪಿನ ನೀರು, ಚೆಲ್ಲಿದ ಕಾಫಿಗೂ ಇದೇ ಕ್ರಮ.

ಬಚ್ಚಲಲ್ಲಿ ಸ್ನಾನ ಮಾಡುವಾಗ ಹಾಡು ಹಾಕಿಡ್ತೀನಿ. ನೀರು ಬೀಳಲ್ಲ, ಬರೀ ಹಬೆ ಅಷ್ಟೆ. ತೊಂದ್ರೆ ಇದ್ಯಾ?

ಇದೆ. ಹಂಡೆಯ ಬಿಸಿನೀರಿನ ಹಬೆ ಹನಿಗಿಂತ ಸುಲಭವಾಗಿ ಒಳಗೆ ನುಗ್ಗುತ್ತದೆ. ಫೋನಿನ ಸ್ಪೀಕರ್, ಮೈಕ್ ತೂತಿನ ಹಿಂದಿರುವ ಪೊರೆ ನೀರನ್ನು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ. ಹಬೆ ಗಾಳಿಯ ಜೊತೆ ಹೋಗಿ ಒಳಗೆ ತಣ್ಣಗಾಗಿ ನೀರಾಗುತ್ತದೆ. ಬಿಸಿಗೆ ಅಂಚಿನ ಅಂಟೂ ಸಡಿಲವಾಗುತ್ತದೆ. ಆಪಲ್ ತನ್ನ ಸೂಚನೆಯಲ್ಲೇ ಸೌನಾ, ಸ್ಟೀಮ್ ರೂಮಿಗೆ ಐಫೋನ್ ಒಯ್ಯಬೇಡಿ ಎನ್ನುತ್ತದೆ. ನಮ್ಮ ಬಚ್ಚಲುಮನೆ ಆಷಾಢದಲ್ಲಿ ಸ್ಟೀಮ್ ರೂಮೇ. ಫೋನನ್ನು ಬಾಗಿಲಾಚೆ ಇಟ್ಟರೂ ಹಾಡು ಕೇಳುತ್ತದೆ.

ನೀರಿಗೆ ಬಿದ್ದೇ ಇಲ್ಲ. ಆದ್ರೂ ಕ್ಯಾಮೆರಾ ಒಳಗೆ ಮಂಜು ಕಟ್ಟಿದೆ. ಹೇಗೆ?

ಗಾಳಿಯಲ್ಲಿರುವ ತೇವ. ಬೀರುವಿನ ಬಟ್ಟೆಗೆ, ಚಪ್ಪಲಿಗೆ ಬೂಷ್ಟು ಹಿಡಿಸುವ ಅದೇ ತೇವ ಫೋನಿನೊಳಗೂ ಇರುತ್ತದೆ. ಕ್ಯಾಮೆರಾ, ಚಾರ್ಜಿಂಗ್‌ನಿಂದ ಒಳಗೆ ಬಿಸಿ. ಹೊರಗೆ ಥಂಡಿ ಗಾಳಿ. ಲೆನ್ಸಿನ ಗಾಜು ಮೊದಲು ತಣ್ಣಗಾಗುತ್ತದೆ, ಒಳಗಿನ ತೇವ ಅದರ ಮೇಲೆ ಮಂಜಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ತಾನೇ ಹೋದರೆ ಚಿಂತೆ ಬೇಡ. ಮರುದಿನವೂ ಉಳಿದರೆ, ಅಥವಾ ಹನಿಯಾಗಿ ಕಂಡರೆ, ಅಂಟು ಎಲ್ಲೋ ಬಿಟ್ಟಿದೆ ಎಂದು ತಿಳಿಯಿರಿ.

ನೂರಿನ್ನೂರು ರೂಪಾಯಿಯ ಪ್ಲಾಸ್ಟಿಕ್ ಪೌಚ್ ಸಾಕಾ?

ಮಳೆಗೆ, ಬೈಕ್ ಪ್ರಯಾಣಕ್ಕೆ ಸಾಕು. ಮೊದಲ ಸಲ ಫೋನ್ ಬದಲು ಟಿಶ್ಯೂ ಪೇಪರ್ ಹಾಕಿ ಮುಚ್ಚಿ, ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಿ. ಪೇಪರ್ ಒಣಗಿದ್ದರೆ ಪೌಚ್ ಸರಿ ಇದೆ. ಮಡಿಕೆ ಬಿದ್ದ ಜಾಗದಲ್ಲಿ ಬೇಗ ಸೀಳುತ್ತದೆ, ಆಗಾಗ ಪರೀಕ್ಷಿಸಿ. ಮನೆಗೆ ಬಂದ ಕೂಡಲೇ ಫೋನನ್ನು ಹೊರತೆಗೆಯಿರಿ. ಒಳಗೇ ಬಿಟ್ಟರೆ ಬೆವರುತ್ತದೆ.

## ಒದ್ದೆಯಾದ ಮೇಲೆ

ಗದ್ದೆ ನೀರಿಗೆ ಬಿತ್ತು. ಮೊದಲು ಏನ್ ಮಾಡ್ಲಿ ಬೇಗ ಹೇಳಿ!

ಆಫ್ ಮಾಡಿ. ಕೆಲಸ ಮಾಡುತ್ತಿದ್ದರೂ ಆಫ್ ಮಾಡಿ. ಆಫ್ ಆಗಿಯೇ ಸಿಕ್ಕಿದರೆ ಆನ್ ಮಾಡಿ ನೋಡಬೇಡಿ. ಕವರ್, ಸಿಮ್ ಟ್ರೇ ತೆಗೆಯಿರಿ. ಚಾರ್ಜಿಂಗ್ ತೂತು ಕೆಳಗೆ ಬರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಜೋರಾಗಿ ಝಾಡಿಸಿದರೆ ನೀರು ಹೊಸ ಜಾಗಕ್ಕೆ ಹೋಗುತ್ತದೆ. ಬಾಯಿಂದ ಊದಬೇಡಿ, ತೂತಿಗೆ ಹತ್ತಿ ತುರುಕಬೇಡಿ. ಒಣಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಎದುರು ಓರೆಯಾಗಿ ನಿಲ್ಲಿಸಿ.

ಐಪಿ67, 68 ಇರುವ ಫೋನಾದರೆ ಒಣಗುವವರೆಗೆ ಕಾಯ್ದರೆ ಬಹುತೇಕ ಸರಿಯಾಗುತ್ತದೆ. ಐಪಿ ಇಲ್ಲದ ಫೋನು ಪೂರ್ತಿ ಮುಳುಗಿತ್ತು ಎಂದಾದರೆ ಕಾಯಬೇಡಿ, ಅದೇ ದಿನ ಬಿಚ್ಚಿಸಿ. ಬ್ಯಾಟರಿ ಕನೆಕ್ಟರ್ ಕಳಚಿ, ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿದರೆ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ನಾಳೆ, ನಾಡಿದ್ದು ಎಂದು ತಳ್ಳಿದಷ್ಟೂ ಆ ಸಾಧ್ಯತೆ ಕಮ್ಮಿಯಾಗುತ್ತಾ ಹೋಗುತ್ತದೆ.

ಹಿಂಬದಿ ಉಬ್ಬಿದ್ದರೆ, ಸುಮ್ನೆ ಇಟ್ಟಾಗಲೂ ಬಿಸಿಯಾಗುತ್ತಿದ್ದರೆ ಅದು ಬ್ಯಾಟರಿಯ ತೊಂದರೆ. ಹಾಸಿಗೆ, ಕಟ್ಟಿಗೆ ಹತ್ತಿರ ಇಡಬೇಡಿ. ಮನೆಯಲ್ಲಿ ಬಿಚ್ಚುವ ಸಾಹಸವೂ ಬೇಡ.

ಅಕ್ಕಿ ಡಬ್ಬದಲ್ಲಿ ಹಾಕಿಟ್ಟಿದೀನಿ. ನಮ್ಮಮ್ಮ ಬಚ್ಚಲ ಒಲೆ ಹತ್ರ ಇಡು ಅಂತಾರೆ. ಯಾವುದು ಒಳ್ಳೇದು?

ಎರಡೂ ಬೇಡ. ಅಕ್ಕಿ ಫೋನಿನ ಒಳಗಿನ ನೀರನ್ನು ಎಳೆದುಕೊಳ್ಳುವುದಿಲ್ಲ. ಅದರ ತೌಡಿನ ಪುಡಿ ಪೋರ್ಟಿಗೆ ಹೋಗಿ ತೇವದಲ್ಲಿ ಹಿಟ್ಟಾಗಿ ಅಂಟುತ್ತದೆ. ಅಕ್ಕಿಯಲ್ಲಿ ಇಡಬೇಡಿ ಎಂದು ಆಪಲ್ ಕೂಡ ಸ್ಪಷ್ಟವಾಗಿ ಹೇಳಿದೆ. ಒಲೆಯ ಕಾವು, ಹೇರ್ ಡ್ರೈಯರ್ ಎರಡೂ ಅಂಚಿನ ಅಂಟನ್ನು ಮೆತ್ತಗೆ ಮಾಡುತ್ತವೆ, ಬ್ಯಾಟರಿಗೂ ಕೆಟ್ಟದ್ದು. ಒಲೆಯ ಮೇಲೆ ಹರವುವುದು ಬಟ್ಟೆಗೆ ಸರಿ, ಫೋನಿಗಲ್ಲ.

ಮಳೆಗಾಲದಲ್ಲಿ ನಮ್ಮ ಗಾಳಿಯೇ ಒದ್ದೆ. ಫ್ಯಾನಿನಿಂದ ಹೊರಮೈ ಒಣಗಿದ ಮೇಲೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುವುದು ಒಳ್ಳೆಯದು. ಚಪ್ಪಲಿ, ಬ್ಯಾಗಿನ ಬಾಕ್ಸಿನಲ್ಲಿ ಬರುವ ಪೊಟ್ಟಣಗಳನ್ನು ಎಸೆಯದೆ ಡಬ್ಬದಲ್ಲಿ ಮುಚ್ಚಿಡಿ. ಮಕ್ಕಳ ಕೈಗೆ ಸಿಗದಿರಲಿ.

ಮೂರು ದಿನದ ಮೇಲೆ ಈಗ ಕರೆಂಟ್ ಬಂದಿದೆ. ಫೋನ್ ನೋಡಿದ್ರೆ ಪೋರ್ಟಲ್ಲಿ ತೇವ ಇದೆ ಅಂತ ಚಾರ್ಜೇ ತಗೊಳ್ತಿಲ್ಲ!

ಅವಸರ ಅರ್ಥವಾಗುತ್ತದೆ, ಕರೆಂಟ್ ಮತ್ತೆ ಯಾವಾಗ ಹೋಗುತ್ತದೋ ಯಾರಿಗೆ ಗೊತ್ತು. ಆದರೂ ಆ ಎಚ್ಚರಿಕೆಯನ್ನು ದಾಟಿ ಚಾರ್ಜ್ ಮಾಡಬೇಡಿ. ಐಪಿ ಇರುವ ಫೋನಿನಲ್ಲೂ ಪೋರ್ಟಿನ ಬಾಯಿ ತೆರೆದೇ ಇರುತ್ತದೆ. ನೀರು ತಡೆಯುವ ಸೀಲ್ ಇರುವುದು ಅದರ ಹಿಂದೆ. ಪಿನ್ನುಗಳು ನೀರಲ್ಲೇ ನಿಂತಿರುತ್ತವೆ, ಅದಕ್ಕೆ ಕರೆಂಟ್ ಕೊಟ್ಟರೆ ಲೋಹ ಕರಗುತ್ತದೆ.

ಹೀಗೆ ಹಾಳಾದ ಟೈಪ್ ಸಿ ಪೋರ್ಟನ್ನು ಮೈಕ್ರೋಸ್ಕೋಪಿನ ಕೆಳಗೆ ನೋಡಿದರೆ ಸಾಲಾಗಿ ಚಿನ್ನದ ಬಣ್ಣದ ಪಿನ್ನುಗಳು ಹೊಳೆಯುತ್ತಿರುತ್ತವೆ, ನಡುವೆ ಒಂದೆರಡು ಮಾತ್ರ ಕಪ್ಪಾಗಿ ಸವೆದಿರುತ್ತವೆ. ಆ ಕಪ್ಪು ಪಿನ್ನುಗಳೇ ಚಾರ್ಜಿಂಗ್ ವೋಲ್ಟೇಜ್ ಬರುವ ಪಿನ್ನುಗಳು.

ತೂತು ಕೆಳಗೆ ಮಾಡಿ ತಟ್ಟಿ, ಅರ್ಧ ಗಂಟೆ ಫ್ಯಾನಿಗೆ ಇಡಿ. ಮತ್ತೆ ತೋರಿಸಿದರೆ ಇನ್ನೂ ಕಾಯಿರಿ, ಪೂರ್ತಿ ಒಣಗಲು ಒಂದು ದಿನವೂ ಹಿಡಿಯಬಹುದು. ಫೋನಿನ ಜೊತೆ ಕೇಬಲ್ಲಿನ ತುದಿಯನ್ನೂ ಒರೆಸಿ. ವೈರ್‌ಲೆಸ್ ಚಾರ್ಜಿಂಗ್ ಇದ್ದರೆ ಹಿಂಬದಿ ಒರೆಸಿ ಅದನ್ನು ಬಳಸಬಹುದು.

ನೀರಿಗೆ ಬಿದ್ದ ಮೇಲೂ ಎರಡು ವಾರ ಚೆನ್ನಾಗಿತ್ತು. ಈಗ ಸತ್ತಿದೆ. ಅದು ನೀರಿಂದಲೇ ಅಂತ ಹೇಗೆ ಹೇಳ್ತೀರಿ?

ನೀರು ಕೂಡಲೇ ಕೊಲ್ಲುವುದು ಶಾರ್ಟ್ ಆದಾಗ ಮಾತ್ರ. ಒಳಗೆ ಉಳಿದ ಒಂದು ಹನಿ ಮಾಡುವ ಕೆಲಸ ನಿಧಾನದ್ದು. ಹತ್ತಿರ ಹತ್ತಿರದ ಎರಡು ಬಿಂದುಗಳ ನಡುವೆ ಹನಿ ಕೂತಿದೆ, ಒಂದಕ್ಕೆ ವೋಲ್ಟೇಜ್ ಇದೆ. ಲೋಹ ಅಲ್ಲಿಂದ ಬಿಟ್ಟು ಇನ್ನೊಂದರ ಕಡೆ ಸಾಗುತ್ತದೆ. ಫೋನ್ ಆಫ್ ಆಗಿದ್ದರೂ ಬ್ಯಾಟರಿಯಿಂದ ಕೆಲವು ದಾರಿಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಕೂದಲಿಗಿಂತ ಸಣ್ಣ ತಾಮ್ರದ ದಾರಿಗಳು ತಿಂದುಹೋಗಲು ವಾರಗಳು ಸಾಕು. ಬಿಚ್ಚಿದಾಗ ಹಸಿರು ಕಿಲುಬು ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ.

## ಸ್ವಲ್ಪ ಒಳಗಿನ ವಿಷಯ

ಸ್ಪೀಕರಿಗೆ, ಮೈಕಿಗೆ ತೂತು ಇದೆಯಲ್ಲ. ಮತ್ತೆ ನೀರು ಹೇಗೆ ತಡೀತಾರೆ?

ಮೂರು ಬಗೆ. ಸ್ಕ್ರೀನಿಗೂ ಚೌಕಟ್ಟಿಗೂ, ಹಿಂಬದಿಯ ಗಾಜಿಗೂ ಚೌಕಟ್ಟಿಗೂ ನಡುವೆ ಸುತ್ತಲೂ ಅಂಟಿನ ಪಟ್ಟಿ. ಸಿಮ್ ಟ್ರೇ, ಬಟನ್ನು, ಪೋರ್ಟಿಗೆ ರಬ್ಬರ್ ಅಥವಾ ಸಿಲಿಕೋನ್ ಸೀಲು. ಸ್ಪೀಕರ್, ಮೈಕಿನ ತೂತಿನ ಹಿಂದೆ ಇಪಿಟಿಎಫ್‌ಇ ಎಂಬ ವಸ್ತುವಿನ ತೆಳು ಪೊರೆ. ಅದರ ರಂಧ್ರಗಳು ಎಷ್ಟು ಸಣ್ಣ ಎಂದರೆ ಗಾಳಿ, ಶಬ್ದ ದಾಟುತ್ತವೆ. ನೀರಿನ ಹನಿ ತನ್ನ ಮೇಲ್ಮೈ ಸೆಳೆತದಿಂದ ಉಂಡೆಯಾಗಿ ಹೊರಗೇ ನಿಲ್ಲುತ್ತದೆ. ಸೋಪು ಆ ಸೆಳೆತವನ್ನು ಕಮ್ಮಿ ಮಾಡುತ್ತದೆ. ಹಾಗಾಗಿ ಬಟ್ಟೆ ಒಗೆಯುವ ನೀರು ಬರೀ ನೀರಿಗಿಂತ ಅಪಾಯದ್ದು.

ಮೂರು ವರ್ಷ ಹಳೇದು, ಬ್ಯಾಟರಿ ಒಂದ್ಸಲ ಹಾಕ್ಸಿದೀನಿ. ಐಪಿ68 ಇನ್ನೂ ಇರುತ್ತಾ?

ಇದೆ ಎಂದುಕೊಂಡು ಬಳಸಬೇಡಿ. ಕುಕ್ಕರಿನ ಗ್ಯಾಸ್ಕೆಟ್ ಹಳೆಯದಾದಾಗ ಪಕ್ಕದಿಂದ ಹಬೆ ಬಿಡುತ್ತದಲ್ಲ, ಇಲ್ಲೂ ಹಾಗೇ. ಅಂಟು ಬಿಸಿಲಿಗೆ, ಚಾರ್ಜಿಂಗ್ ಬಿಸಿಗೆ ಒಣಗುತ್ತದೆ. ಒಂದು ಸಲ ಕೆಳಗೆ ಬಿದ್ದು ಚೌಕಟ್ಟು ಕೂದಲೆಳೆಯಷ್ಟು ಬಾಗಿದರೂ ಸಂದಿ ಬಿಡುತ್ತದೆ. ಒಡೆದ ಸ್ಕ್ರೀನಿನ ಫೋನಿಗಂತೂ ಐಪಿ ಇಲ್ಲವೆಂದೇ ಲೆಕ್ಕ.

ಬ್ಯಾಟರಿ, ಡಿಸ್‌ಪ್ಲೇ ಬದಲಿಸಲು ಬಿಚ್ಚಿದಾಗ ಹಳೆಯ ಅಂಟಿನ ಪಟ್ಟಿ ಹರಿದುಹೋಗುತ್ತದೆ. ಹೊಸ ಪಟ್ಟಿ ಹಾಕುವ ಮುಂಚೆ ಹಳೆಯದನ್ನು ಪೂರ್ತಿ ಕೆರೆದು, ಒರೆಸಿ, ಆ ಮಾಡೆಲಿಗೇ ಬರುವ ಪಟ್ಟಿ ಕೂರಿಸಿ, ಒತ್ತಿ ಹಿಡಿದು ಇಡಬೇಕು. ಬರೀ ಟ್ಯೂಬಿನ ಅಂಟು ಬಳಿದು ಕೊಟ್ಟರೆ ಗಾಜು ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ರಿಪೇರಿಗೆ ಕೊಡುವಾಗ 'ಮಾಡೆಲಿನ ಸೀಲ್ ಪಟ್ಟಿ ಹಾಕ್ತೀರಾ' ಎಂದು ಕೇಳಿ. ಹಾಕಿದರೂ ಕಾರ್ಖಾನೆಯಲ್ಲಿ ಮಾಡುವ ಒತ್ತಡದ ಪರೀಕ್ಷೆ ನಮ್ಮಂಥ ಅಂಗಡಿಗಳಲ್ಲಿ ಆಗುವುದಿಲ್ಲ. ಹಾಗಾಗಿ ನಾನು ಯಾರಿಗೂ ಐಪಿಯ ಮಾತು ಕೊಡುವುದಿಲ್ಲ.

ಐಪಿ69 ಅಂದ್ರೆ ಐಪಿ68ಕ್ಕಿಂತ ದೊಡ್ಡದು ಅಲ್ವಾ?

ಬೇರೆ ಪರೀಕ್ಷೆ. ಸುಮಾರು 80 ಡಿಗ್ರಿ ಬಿಸಿನೀರನ್ನು 80ರಿಂದ 100 ಬಾರ್ ಒತ್ತಡದಲ್ಲಿ 10–15 ಸೆಂಟಿಮೀಟರ್ ದೂರದಿಂದ ಹೊಡೆಯುತ್ತಾರೆ. ಅದರಲ್ಲಿ ಮುಳುಗಿಸುವ ಮಾತೇ ಇಲ್ಲ. ಅದೇ ರೀತಿ 7, 8 ಪಾಸಾದ ಫೋನು ಪೈಪಿನ ನೀರನ್ನೂ ತಡೆಯುತ್ತದೆ ಎನ್ನಲಾಗದು. ಅದಕ್ಕೇ ಕೆಲವು ಕಂಪನಿಗಳು ಐಪಿ66, ಐಪಿ68, ಐಪಿ69 ಮೂರನ್ನೂ ಬರೆಯುತ್ತವೆ. ಮೂರೂ ಇದ್ದರೆ ಒಳ್ಳೆಯದೇ. ಐಪಿ69 ಒಂದೇ ಇದ್ದರೆ ಬಾವಿಗೆ ಬಿದ್ದಾಗ ಏನಾದೀತು ಎಂದು ಅದು ಹೇಳುವುದಿಲ್ಲ. ಐಪಿಎಕ್ಸ್8 ಎಂದಿದ್ದರೆ ಧೂಳಿಗೆ ಅಂಕಿ ಕೊಟ್ಟಿಲ್ಲ ಎಂದು ಅರ್ಥ.

ಜಾಹೀರಾತಲ್ಲಿ ನೀರೊಳಗೇ ತೋರಿಸ್ತಾರೆ. ನೀರು ಹೋದ್ರೆ ವಾರಂಟಿ ಯಾಕಿಲ್ಲ? ಇದು ನ್ಯಾಯಾನಾ?

ನ್ಯಾಯ ಅಲ್ಲ ಎಂದೇ ನನ್ನ ಅಭಿಪ್ರಾಯ, ಬೇರೆ ದೇಶಗಳಲ್ಲಿ ಅಧಿಕಾರಿಗಳು, ಕೋರ್ಟು ಕೂಡ ಒಪ್ಪಿಲ್ಲ. 2020ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆಪಲ್‌ಗೆ 1 ಕೋಟಿ ಯೂರೋ ದಂಡ ಹಾಕಿತು. ಪ್ರಯೋಗಾಲಯದ ಷರತ್ತುಗಳನ್ನು ಸರಿಯಾಗಿ ತಿಳಿಸದೆ ನೀರಿನ ರಕ್ಷಣೆ ಎಂದು ಪ್ರಚಾರ ಮಾಡಿದ್ದು, ನೀರು ಹೋದಾಗ ವಾರಂಟಿ ಕೊಡದೇ ಇದ್ದದ್ದು ಕಾರಣ. 2022ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ ಸ್ಯಾಮ್‌ಸಂಗ್‌ಗೆ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಗ್ಯಾಲಕ್ಸಿ ಫೋನುಗಳನ್ನು ಈಜುಕೊಳದಲ್ಲಿ, ಸಮುದ್ರದಲ್ಲಿ ಬಳಸಬಹುದು ಎಂಬಂತೆ ಜಾಹೀರಾತು ಮಾಡಿದ್ದರು. ಪೋರ್ಟ್ ಒದ್ದೆ ಇರುವಾಗ ಚಾರ್ಜ್ ಮಾಡಿದರೆ ಕೆಡುತ್ತದೆ ಎಂಬುದೇ ಆ ಪ್ರಕರಣದ ಮುಖ್ಯ ಅಂಶ.

ನಮ್ಮಲ್ಲಿ ಸಾಮಾನ್ಯ ವಾರಂಟಿಯಲ್ಲಿ ನೀರಿನ ಹಾನಿ ಸೇರಿರುವುದಿಲ್ಲ. ಬೇರೆ ದುಡ್ಡು ಕೊಟ್ಟು ಮಾಡಿಸುವ ರಕ್ಷಣಾ ಯೋಜನೆಗಳಲ್ಲಿ ಸೇರಿರಬಹುದು, ಕೊಳ್ಳುವ ಮುಂಚೆ 'ಲಿಕ್ವಿಡ್ ಡ್ಯಾಮೇಜ್' ಎಂಬ ಸಾಲನ್ನು ಹುಡುಕಿ ಓದಿ.

ಸಿಮ್ ತೂತಿನೊಳಗೆ ಕೆಂಪು ಚುಕ್ಕೆ ಇದೆ, ನೀರು ಹೋಗಿದೆ ಅಂತ ಸರ್ವಿಸ್ ಸೆಂಟರಲ್ಲಿ ವಾಪಸ್ ಕಳಿಸಿದ್ರು. ಏನದು?

ನೀರು ತಾಗಿದರೆ ಬಿಳಿಯಿಂದ ಕೆಂಪಾಗುವ ಸ್ಟಿಕ್ಕರ್. ಟ್ರೇ ತೆಗೆದು ಟಾರ್ಚ್ ಬಿಟ್ಟರೆ ಅನೇಕ ಫೋನುಗಳಲ್ಲಿ ಕಾಣುತ್ತದೆ. ಒಮ್ಮೆ ಕೆಂಪಾದರೆ ಒಣಗಿದರೂ ಬಿಳಿಯಾಗುವುದಿಲ್ಲ. ಫೋನ್ ಕೊಂಡ ದಿನವೇ ಅದರ ಫೋಟೋ ತೆಗೆದಿಡಿ. ಹಳೆಯ ಫೋನ್ ಕೊಳ್ಳುವಾಗಲೂ ಮೊದಲು ನೋಡಬೇಕಾದ ಜಾಗ ಅದೇ.

ಹೊಸ ಫೋನ್ ತಗೊಳ್ತಿದೀನಿ. ಐಪಿ68ಗೆ ಅಂತ ನಾಲ್ಕೈದು ಸಾವಿರ ಜಾಸ್ತಿ ಕೊಡ್ಲಾ?

ದಿನಾ ಬೈಕಿನಲ್ಲಿ ಓಡಾಡುವವರು, ತೋಟ ಗದ್ದೆಯಲ್ಲಿ ಕೆಲಸ ಇರುವವರು, ಪುಟ್ಟ ಮಕ್ಕಳಿರುವ ಮನೆಯವರು ಕೊಡಿ. ಮಲೆನಾಡಿನಲ್ಲಿ ಅದು ದಂಡ ಅಲ್ಲ. ಮನೆ, ಆಫೀಸು ಬಿಟ್ಟು ಹೊರಗೆ ಕಮ್ಮಿ ತಿರುಗುವವರಿಗೆ ಐಪಿ54 ಮತ್ತು ಒಂದು ಒಳ್ಳೆಯ ಪೌಚ್ ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಪವರ್ ಬ್ಯಾಂಕ್ ತಗೊಳ್ಳಿ. ಕರೆಂಟ್ ಇಲ್ಲದ ದಿನ ಒದ್ದೆ ಪೋರ್ಟಿಗೆ ಅವಸರದಲ್ಲಿ ಕೇಬಲ್ ಚುಚ್ಚುವ ಪ್ರಸಂಗವೇ ಬರುವುದಿಲ್ಲ.